ಹನ್ನೊಂದನೇ ಸೀಟಿನ ಹಾಳೆ

ಬುಧವಾರ ಬೆಳಿಗ್ಗೆ ಬೀರು ತೆರೆದಾಗ ಫೈಲು ಇತ್ತು. ಒಳಗಿನ ಹಾಳೆ ಇರಲಿಲ್ಲ.

ಮೂರು ಸಲ ತಡಕಾಡಿದೆ. ಪೊಲೀಸ್ ವರದಿ ಇತ್ತು, ಆಸ್ಪತ್ರೆಯ ಚೀಟಿಗಳಿದ್ದವು, ಬಸ್ಸಿನ ಟಿಕೇಟು ತನ್ನ ಜಾಗದಲ್ಲೇ ಗುಂಡುಸೂಜಿ ಚುಚ್ಚಿಸಿಕೊಂಡು ಕೂತಿತ್ತು. ಪ್ರಯಾಣಿಕರ ಪಟ್ಟಿ ಮಾತ್ರ ಮಾಯ. ನಮ್ಮ ಇಬಾದಾನ್ ಊರಿನಲ್ಲಿ ದೂರದ ಬಸ್ಸು ಹೊರಡುವ ಮೊದಲು ಆ ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಸೀಟು, ಹೆಸರು, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಅವರ ಫೋನ್ ನಂಬರು. ಬರೆಯುವಾಗ ಎಲ್ಲರೂ ನಗುತ್ತಿರುತ್ತಾರೆ.

ಹನ್ನೊಂದನೇ ಸೀಟಿನವನು ಲಸಿಸಿ, ವೆಲ್ಡಿಂಗ್ ಕೆಲಸದವನು. ಎರಡು ವಾರದ ಹಿಂದೆ ಓಯೋ ರಸ್ತೆಯಲ್ಲಿ ಬಸ್ಸು ಮಗುಚಿ ಅವನ ಕಾಲು ಜಜ್ಜಿತ್ತು. ತಲೆಗೂ ಪೆಟ್ಟಾಗಿ ಮಾತು ನಿಂತುಹೋಗಿತ್ತು. ಅವನು ಬಸ್ಸಿನಲ್ಲಿ ಇರಲೇ ಇಲ್ಲ, ರಸ್ತೆಯಲ್ಲಿ ಅಡ್ಡ ಬಂದವನು ಎಂದು ಬಸ್ಸಿನ ಯಜಮಾನ ಅಲ್ಹಾಜಿ ವಾದಿಸುತ್ತಿದ್ದ. ಟಿಕೇಟಿನ ಮೇಲೆ ಸೀಟಿನ ನಂಬರಷ್ಟೇ. ಹೆಸರಿರುವುದು ಆ ಹಾಳೆಯಲ್ಲಿ. ಶುಕ್ರವಾರ ವಿಮೆಯವರು ಕಾಗದ ನೋಡಲು ಬರುವವರಿದ್ದರು. ಹಾಳೆ ಇಲ್ಲದಿದ್ದರೆ ಪರಿಹಾರವಿಲ್ಲ. ಪರಿಹಾರವಿಲ್ಲದಿದ್ದರೆ ಎರಡನೇ ಆಪರೇಷನ್ ಇಲ್ಲ, ಕಾಲು ಕತ್ತರಿಸುತ್ತಾರೆ.

ನಕಲು ತೆಗೆಸು ಎಂದು ಲಾಯರ್ ಅಡೆಪೋಜು ಸೋಮವಾರವೇ ಹೇಳಿದ್ದರು. ಕರೆಂಟಿರಲಿಲ್ಲ, ನಾಳೆ ನೋಡೋಣ ಅಂದುಕೊಂಡೆ.

ಲಾಯರ್ ನನ್ನನ್ನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು—ಬಾಬಾ ಕರೀಮುಗೆ ಹೇಳಿಕಳಿಸಿದರು. ಕರೀಮು ನಿವೃತ್ತ ಪೊಲೀಸ್ ಸಾರ್ಜೆಂಟು. ಹದಿನೈದು ವರ್ಷದಿಂದ ಈ ಕಚೇರಿಯ ಗುಮಾಸ್ತ ನಾನು. ಆದರೆ ಏನಾದರೂ ತಪ್ಪಿದರೆ ಲಾಯರ ಬಾಯಿಗೆ ಬರುವುದು ಆ ಮುದುಕನ ಹೆಸರು. ಹೊಟ್ಟೆಕಿಚ್ಚು ಅಂದರೆ ಅನ್ನಿ. ಹೌದು, ಹೊಟ್ಟೆಕಿಚ್ಚೇ.

"ಬೀಗದ ಕೈ ಯಾರ ಹತ್ರ?" ಕರೀಮು ಕೇಳಿದ.

"ನನ್ನ ಹತ್ರ ಮಾತ್ರ."

"ಹಾಗಾದ್ರೆ ನೀನು ಕಳ್ಳ ಆಗಿರ್ಬೇಕು, ಇಲ್ಲಾ ಬೀಗ ಹಾಕದ ಪೆದ್ದ ಆಗಿರ್ಬೇಕು. ಯಾವುದು, ಗುಮಾಸ್ತ?"

ಎರಡನೆಯದನ್ನು ಒಪ್ಪಿಕೊಂಡೆ. ಮಂಗಳವಾರ ಹಗಲಲ್ಲಿ ಬೀರು ತೆರೆದೇ ಇತ್ತು. ಅಲ್ಹಾಜಿ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಹಿಡಿದು ರಾಜಿ ಮಾತಿಗೆ ಬಂದಿದ್ದ; ನಾನು ಲಾಯರನ್ನು ಕರೆಯಲು ಹೋದಾಗ ಒಬ್ಬನೇ ಕೂತಿದ್ದ. ಆಮೇಲೆ ಲಸಿಸಿಯ ಹೆಂಡತಿ ಫಾಲಿಲತ್ ದಿನದಂತೆ ನಮಗೆ ಬಿಸಿ ಅಕಾರಾ ವಡೆ ತಂದಿದ್ದಳು; ನಾನು ತಟ್ಟೆ ತರಲು ಒಳಗೆ ಹೋಗಿದ್ದೆ. ಅವಳು ಅದನ್ನೇ ಮಾರಿ ಬದುಕುವವಳು. ಆಸ್ಪತ್ರೆಗೂ ಒಲೆಗೂ ಓಡಾಡಿ ಅರ್ಧವಾಗಿದ್ದಳು, ಪಾಪ. ನಾನು ಅಲ್ಹಾಜಿಯ ವಿಷಯವನ್ನೇ ಮತ್ತೆ ಮತ್ತೆ ಹೇಳಿದೆ.

ಕರೀಮು ಕೇಳಿಸಿಕೊಂಡಂತೆ ಕಾಣಲಿಲ್ಲ. ಟಿಕೇಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಈ ಸೂಜಿ ಚುಚ್ಚಿದ್ದು ನೀನಾ?"

"ನಾನೇ. ಹಾಳೆ, ಟಿಕೇಟು ಎರಡಕ್ಕೂ ಸೇರಿಸಿ."

"ಹ್ಞೂಂ" ಎಂದ, ಅಷ್ಟೇ.

ಅಲ್ಹಾಜಿಯ ಅಂಗಳಕ್ಕೆ ಹೋದೆವು. ಹಾಳೆ ಕಳೆದಿದೆ ಎಂದು ಕೇಳಿ ಅವನ ಮುಖ ಹಬ್ಬದ ದಿನದಂತಾಯಿತು. ಟಿಕೇಟೂ ಹೋಯಿತೇ ಎಂದು ಎರಡೆರಡು ಸಲ ವಿಚಾರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಕರೀಮು ಮಾತ್ರ ಅವನಿಗೆ ವಂದನೆ ಹೇಳಿ ಎದ್ದುಬಿಟ್ಟ.

ಮಧ್ಯಾಹ್ನ ಫಾಲಿಲತ್ ಅಕಾರಾ ತಂದಾಗ ಕರೀಮು ಅವಳನ್ನು ಕೂರಿಸಿದ. ಲಾಯರೂ ಇದ್ದರು. ಇವಳನ್ನೇಕೆ ಕಾಡುತ್ತಾನೆ ಈ ಮುದುಕ ಎಂದುಕೊಂಡೆ.

"ಅಲ್ಹಾಜಿ ಕದ್ದಿದ್ರೆ ಟಿಕೇಟು ಬಿಡ್ತಿರ್ಲಿಲ್ಲ," ಕರೀಮು ನಿಧಾನವಾಗಿ ಶುರುಮಾಡಿದ. "ಫೈಲನ್ನೇ ಹೊತ್ಕೊಂಡು ಹೋಗ್ತಿದ್ದ. ಈ ಕಳ್ಳ ಏನು ಮಾಡಿದ? ಸೂಜಿ ಬಿಚ್ಚಿ ಹಾಳೆ ತೆಗೆದ. ಆಮೇಲೆ ಟಿಕೇಟಿಗೆ ಮತ್ತೆ ಸೂಜಿ ಚುಚ್ಚಿ ಇಟ್ಟ. ಕೇಸು ಉಳೀಲಿ ಅನ್ನೋ ಆಸೆ ಇರೋರು ಮಾತ್ರ ಹಾಗೆ ಮಾಡ್ತಾರೆ. ಟಿಕೇಟೊಂದಿದ್ರೆ ಸಾಕು ಅಂತ ತಿಳ್ಕೊಂಡೋರು. ಟಿಕೇಟಲ್ಲಿ ಇಲ್ದೆ ಹಾಳೇಲಿ ಮಾತ್ರ ಇರೋದು ಏನು, ಗುಮಾಸ್ತ?"

"ಹೆಸರು," ಎಂದೆ.

"ಎಷ್ಟು ಹೆಸರು?"

ಎರಡು. ಹೋಗುವವನದು, ಸುದ್ದಿ ಮುಟ್ಟಬೇಕಾದವರದು. ಸೋಮವಾರ ಸಹಿಗೆ ಬಂದಾಗ ಫಾಲಿಲತ್‌ಗೆ ಹಾಳೆ ತೋರಿಸಿ, ಗಂಡನ ಹೆಸರಿನ ಮೇಲೆ ಬೆರಳಿಟ್ಟವನು ನಾನೇ. ಅವಳ ಕಣ್ಣು ಪಕ್ಕದ ಸಾಲಿಗೆ ಹೋದದ್ದನ್ನು ನಾನು ಗಮನಿಸಲಿಲ್ಲ.

"ಅಂಥ ಹಾಳೇನ ಯಾರೂ ಸುಡಲ್ಲ ಮಗಳೇ," ಕರೀಮು ಅವಳತ್ತ ತಿರುಗಿದ. "ದಿನಕ್ಕೆ ಹತ್ತು ಸಲ ಬಿಚ್ಚಿ ಓದ್ತಾರೆ. ತೆಗೆದದ್ದು ನೀನು. ಕೊಡು."

ಫಾಲಿಲತ್ ಸೊಂಟಕ್ಕೆ ಸುತ್ತಿದ ಬಟ್ಟೆಯ ಮಡಿಕೆಯಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಬೆವರಿಗೆ ಮೆತ್ತಗಾಗಿತ್ತು. ಅಕ್ಷರ ಉಳಿದಿತ್ತು: ಲಸಿಸಿ. ಪಕ್ಕದಲ್ಲಿ—ಅಶಾಬಿ, ಒಂದು ನಂಬರು.

"ಅವ್ರ ಮೈ ಒರೆಸ್ತಿರೋದು ನಾನು," ಎಂದಳು. "ಬಾಯಿಗೆ ಗಂಜಿ ಹಾಕ್ತಿರೋದು ನಾನು. ಸತ್ರೆ ಸುದ್ದಿ ಮಾತ್ರ ಅಶಾಬಿಗೆ ಹೋಗ್ಬೇಕಂತೆ. ಆ ನಂಬರಿಗೆ ಫೋನ್ ಮಾಡಿದೆ, ಬಾಬಾ. ಒಬ್ಬಳು ಹುಡುಗಿ ಎತ್ತಿದ್ಳು. ಲಸಿಸೀನಾ, ಪ್ರತಿ ಶುಕ್ರವಾರ ಮಾಡ್ತಾರೆ, ಈಗ್ಯಾಕೋ ಇಲ್ಲ ಅಂತ ನಕ್ಕಳು. ಮಾತು ಬರಲಿ ಅಂತ ಕಾಯ್ತಿದ್ದೆ. ಮಾತು ಬಂದ ದಿನಾನೇ ಇದನ್ನ ಮುಖಕ್ಕೆ ಹಿಡಿಯೋಣ ಅಂತ."

ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊಟ್ಟೆಕಿಚ್ಚು ಹತ್ತಿದವರ ಕಣ್ಣಿಗೆ ಒಂದೇ ಸಾಲು ಕಾಣುತ್ತದೆ, ಪಕ್ಕದಲ್ಲಿ ಗಂಡನ ಕಾಲೇ ಇದ್ದರೂ.

"ನಿನ್ನ ಅತ್ತೆ ಹೆಸರೇನು?" ಕರೀಮು ಕೇಳಿದ.

"ಇಯಾ ರಿಸಿ."

"ಅದು ರಿಸಿಯ ಅಮ್ಮ ಅಂತ. ಅವ್ರ ಹೆಸರು?"

"ಅತ್ತೆ ಹೆಸರು ಸೊಸೆ ಕೇಳ್ತಾಳಾ, ಬಾಬಾ? ಹನ್ನೆರಡು ವರ್ಷದಿಂದ ಇಯಾ ರಿಸಿ ಅಂತಾನೇ ಕರೆದಿರೋದು. ಈಗ ಇಸೇಯಿನ್‌ಗೆ ಹೋಗಿದಾರೆ, ಮಗಳು ರಿಸಿ ಮನೆಗೆ. ಅಲ್ಲಿನ ನಂಬರು ಇವ್ರ ಫೋನಲ್ಲಿ ಮಾತ್ರ ಇತ್ತು, ಫೋನು ಬಸ್ಸಡೀಲಿ ಪುಡಿಯಾಯ್ತು. ಅವ್ರಿಗೆ ಇನ್ನೂ ವಿಷಯಾನೇ—"

ಕರೀಮು ಆಗಲೇ ಹಾಳೆಯ ನಂಬರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟಿದ್ದ. ಒಬ್ಬ ಹುಡುಗಿ ಎತ್ತಿದಳು. ಅಶಾಬಿ ಬೇಕು ಎಂದ. ಪಕ್ಕದ್ಮನೆ ಅಜ್ಜಿ ತಾನೆ, ಇರಿ ಎಂದಳು. ಚಪ್ಪಲಿ ಎಳೆದು ಬರುವ ಸದ್ದು ಕೇಳಿಸಿತು.

"ಲಸಿಸಿ? ಎರಡು ಶುಕ್ರವಾರ ಆಯ್ತಲ್ಲೋ. ಅಮ್ಮನಿಗೆ ಫೋನ್ ಮಾಡ್ಬೇಡ ಅಂತ ಹೆಂಡ್ತಿ ಹೇಳ್ಕೊಟ್ಟಳಾ?"

ಫಾಲಿಲತ್ ಕುರ್ಚಿಯಿಂದ ಇಳಿದು, ಹಿರಿಯರ ಮುಂದೆ ಕೂರುವಂತೆ ಆ ಫೋನಿನ ಮುಂದೆ ನೆಲಕ್ಕೆ ಮಂಡಿಯೂರಿದಳು.

"ಇಯಾ, ನಾನು ಫಾಲಿಲತ್. ಎಲ್ಲರಿಗಿಂತ ಮೊದಲು ನಿಮಗೆ ತಿಳಿಸ್ಬೇಕು ಅಂತ ಬರೆದಿದ್ರು," ಎಂದಳು. "ನಾನೇ ಮುಚ್ಚಿಟ್ಟೆ."