ಹಸಿರು ಸೀರೆ ಉಟ್ಟ ಗಡದವ್ವ

ಪೀಠದ ಮೇಲೆ ಎರಡು ಪಾದಗಳು ಮಾತ್ರ ಉಳಿದಿದ್ದವು.

ಹಿಂದಿನ ದಿನವಷ್ಟೇ ನಾವು ಕೈಮುಗಿದು ಬಂದಿದ್ದ ಕೋಟೆಯ ದೇವಿ ಗಡದವ್ವನನ್ನು ಯಾರೋ ಹಿಮ್ಮಡಿಯ ಮೇಲಿಂದ ಮುರಿದು ಒಯ್ದಿದ್ದರು. ಕಬ್ಬಿಣದ ಬಾಗಿಲಿನ ಬೀಗ ಒಡೆದು ನೇತಾಡುತ್ತಿತ್ತು. ಆ ಪಾಳುಗುಡಿಗೆ ಛಾವಣಿಯೇ ಇಲ್ಲ. ಶ್ರಾವಣದ ಮಳೆ ನೇರವಾಗಿ ಪಾದಗಳ ಮೇಲೆ ಬೀಳುತ್ತಿತ್ತು. ಅವುಗಳಿಗೆ ಕುಂಕುಮ ಮೆತ್ತಿ, ಮೇಲೆ ದಾಸವಾಳ ಇಟ್ಟಿದ್ದರು.

"ಅವನ ಕಾಲು ಮುರೀರಿ! ಅವ್ವನ ಕಾಲು ಮುರದಾನ!" ಮಂಜಿನೊಳಗಿಂದ ಒಂದು ದನಿ ಬಂತು.

ಅವನು ಅಂದರೆ ಸಮಾಧಾನ ಎಂಬ ಹುಡುಗ. ನಿಪ್ಪಾಣಿಯ ಒಂದು ಕಚೇರಿಯಲ್ಲಿ ಕಾರಕೂನ. ಮಳೆಗಾಲದ ಭಾನುವಾರಗಳಲ್ಲಿ ಈ ಬೆಟ್ಟದ ಹಾಳುಕೋಟೆ ನೋಡಲು ಬರುವವರನ್ನು ಪಾಚಿಗಟ್ಟಿದ ಮೆಟ್ಟಿಲುಗಳ ಮೇಲೆ ಕೈಹಿಡಿದು ಹತ್ತಿಸುವವನು ಅವನೊಬ್ಬನೇ. ಈಗ ಅವನ ರಟ್ಟೆಗಳನ್ನು ಇಬ್ಬರು ಬಿಗಿಯಾಗಿ ಹಿಡಿದಿದ್ದರು.

ನಾನು ಕರೋಶಿಯ ಕಾಕಾಸಾಹೇಬ. ನನ್ನ ಪಕ್ಕದಲ್ಲಿ ಕೊಡೆ ಹಿಡಿದು ನಿಂತವಳು ದೊಡ್ಡಪ್ಪನ ಮಗಳು ಅಕ್ಕುತಾಯಿ, ಪೊಲೀಸ್ ಫೌಜದಾರಳಾಗಿ ನಿವೃತ್ತಳಾದವಳು. ಹಿಂದಿನ ದಿನ ಭಾನುವಾರ, ಅವಳನ್ನೂ ನನ್ನ ಮಗಳು ಸ್ನೇಹಲಳನ್ನೂ ಗಡ ತೋರಿಸಲು ನಾನೇ ಕರೆತಂದಿದ್ದೆ. ಇಳಿದ ಮೇಲೆ ಸ್ನೇಹಲಳಿಗೆ ಕನ್ನಡಕ ಮರೆತದ್ದು ನೆನಪಾಯಿತು. "ನೀವು ಕುಂದರ್ರಿ ಕಾಕಾ, ನಾ ತರ್ತೀನಿ" ಎಂದು ಸಮಾಧಾನ ಸಂಜೆಯಲ್ಲಿ ಒಬ್ಬನೇ ಮತ್ತೆ ಹತ್ತಿದ. ಆ ಉಪಕಾರವೇ ಅವನ ಕೊರಳಿಗೆ ಬಂದಿತ್ತು. ಬೆಳಗ್ಗೆ ಅವನು ಅಳುದನಿಯಲ್ಲಿ ಫೋನ್ ಮಾಡಿದಾಗ ಅಕ್ಕ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದಳು.

"ಕಡೀಗೆ ಮ್ಯಾಲೆ ಬಂದಾಂವ ಇವನ ಅದಾನ್ರಿ ಅಕ್ಕಾರ," ಎಂದ ಹವಾಲ್ದಾರ. "ಸಾವುಕಾರ್ರು ಫಿರ್ಯಾದಿ ಕೊಡಾಕತ್ತಾರ."

"ಮ್ಯಾಡಮ್, ಕೇಸ್ ಆತಂದ್ರ ನನ್ನ ನೌಕರಿ ಮುಗೀತ್ರಿ!" ಎಂದ ಸಮಾಧಾನ. "ಈ ತಿಂಗಳನ ಕಾಯಂ ಮಾಡಾವ್ರಿದ್ರು. ಯಾರೋ ಆಗಲೇ ಆಫೀಸಿಗೆ ಫೋನ್ ಹಚ್ಚಿ 'ನಿಮ್ಮ ಕಾರಕೂನ ದೇವ್ರ ಕಳ್ಳ' ಅಂದಾರಂತ..."

"ಕದಿಯೂಮುಂದ ಗೊತ್ತಾಗಲಿಲ್ಲೇನಲೇ?" ಗುಂಪಿನಿಂದ ಒಬ್ಬ ಹಂಗಿಸಿದ.

ಜರತಾರಿ ಅಂಚಿನ ಟೋಪಿಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದ ಬಾಬಾಸಾಹೇಬ ಮುಂದೆ ಬಂದರು. ಸಾವುಕಾರರೆಂದರೆ ಇವರೇ; ಬುಡದ ಊರಿನ ದೊಡ್ಡ ಕಬ್ಬಿನ ಹೊಲ ಅವರದು. ಗುಡಿ ಕಮಿಟಿಗೆ ಚೇರಮನ್ನರೂ ಅವರೇ.

"ಬಾಯಾರ, ನಾವು ಅವಂಗ ಏನೂ ಕಡಿಮಿ ಮಾಡಿಲ್ಲ. ಗಡಾ ಹತ್ತಬ್ಯಾಡ ಅಂದೇವೇನು? ಆದ್ರ ಅವ್ರು ಬುದ್ಧನ ಮಂದಿ, ನಮ್ಮ ದೇವ್ರು ಅವರಿಗೆ ದೇವ್ರಲ್ಲ. ಬರೇ ಕಲ್ಲು. ಮಾರಾಕ ಏನ ಅಡ್ಡಿ?"

"ಕಲ್ಲಂತನ ಹತ್ತಿ ಬರ್ತೀನ್ರಿ ಸಾವುಕಾರ," ಎಂದ ಸಮಾಧಾನ. "ಇಷ್ಟ ಹಳೇ ಕಲ್ಲು ನಮ್ಮ ಕಡೆ ಮತ್ತೊಂದಿಲ್ಲ. ನನಗ ಅಷ್ಟ ಸಾಕು."

ಅಕ್ಕ ಯಾರ ಮಾತಿಗೂ ತಲೆದೂಗಲಿಲ್ಲ. "ಮುಂಜಾನೆ ಮೊದಲ ನೋಡಿದವರು ಯಾರು?"

"ನಾನ," ಎಂದರು ಬಾಬಾಸಾಹೇಬ. "ನಾಳೆ ಪುರಾತತ್ವದ ಸಾಹೇಬ್ರು ಬರಾವ್ರು. ದಾರಿ ಹೆಂಗೈತಿ ನೋಡೂಣಂತ ಬಂದೆ. ಬಂದ್ರ ಹಿಂಗ!"

"ಸಾಹೇಬ್ರು ಒಮ್ಮಿಂದೊಮ್ಮೆಲೆ ಯಾಕ ಬರಾಕತ್ತಾರ?"

"ನಿಮ್ಮ ಹುಡುಗಿ ತಗದ ಫೋಟೋ ನೋಡಿ!" ಪೂಜಾರಿ ಈಶ್ವರ ಅಷ್ಟು ದುಃಖದಲ್ಲೂ ಹೆಮ್ಮೆಯಿಂದ ಮೊಬೈಲ್ ಚಾಚಿದ. "ರಾತ್ರಿಯೆಲ್ಲಾ ಊರಿನ ಗ್ರೂಪಿನ್ಯಾಗ ಇದ ನಡದೈತ್ರಿ."

ಸ್ನೇಹಲ ತೆಗೆದ ಚಿತ್ರ. ಮಳೆಯಲ್ಲಿ ತೋಯ್ದು ನಿಂತ ಗಡದವ್ವ. ಭುಜದಿಂದ ಪಾದದವರೆಗೂ ತೆಳ್ಳನೆಯ ಎಳೆಹಸಿರು ಪಾಚಿ. ಕೆಳಗೆ ಕೈಮುಗಿದ ಗುರುತುಗಳ ಸಾಲು— "ಶ್ರಾವಣಕ್ಕ ಅವ್ವ ಹಸರ ಸೀರಿ ಉಟ್ಟಾಳ!" "ತಾನ ಉಟ್ಟಾಳ, ಯಾರೂ ಉಡಿಸಿಲ್ಲ!" ನಾನೂ ಅದರಲ್ಲಿ ಕೈಮುಗಿದಿದ್ದೆ, ಸುಳ್ಳೇಕೆ ಹೇಳಲಿ.

ಅಕ್ಕ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಈಶ್ವರಪ್ಪ, ಅವ್ವಗ ದಿನಾ ಪೂಜೆ ಐತೇನು?"

"ಮಳೆಗಾಲದಾಗ ಇಲ್ರಿ. ಕಾರಹುಣ್ಣಿಮಿಗೆ ಕೊಡಗಟ್ಟಲೆ ಎಣ್ಣಿ ಹಾಕ್ತೀವಿ. ಸುತ್ತಲಿನ ಊರಾಗಿಂದೆಲ್ಲಾ ಎಣ್ಣಿ ಬರತೈತಿ. ಆಮ್ಯಾಲೆ ದಸರಾದ ತನಕ ಎಣ್ಣಿ ಬಂದ್. ಮಳೀನ ಆಕೀಗೆ ಜಳಕ. ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಹಿಂಗ ಐತಿ."

"ಮತ್ತ ಎದುರಿಗಿನ ಬಸವಣ್ಣಗ?"

"ಅವಂಗೂ ಹಂಗರಿ. ಅವ್ವಗ ಹಾಕಿದ ಕೂಡಲೇ ಅವಂಗೂ ಹಾಕೂದು."

ನಾನು ಆ ಬಸವಣ್ಣನತ್ತ ಒಂದು ಹೆಜ್ಜೆ ಇಟ್ಟೆ. ಹಾಸುಗಲ್ಲಿನ ಪಾಚಿಯ ಮೇಲೆ ಕಾಲು ಸರ್ರೆಂದಿತು. ಬೀಳುವವನು ಬಸವಣ್ಣನ ಕೊರಳನ್ನೇ ತಬ್ಬಿಕೊಂಡೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ಕಾಕಾ, ಕೈ ತೋರ್ಸು," ಅಕ್ಕ ನನ್ನ ಅಂಗೈ ಮೂಸಿದಳು. "ಏನ ವಾಸನಿ?"

"ಹಳೇ ಎಣ್ಣಿ. ಜಿಗಟ ಆಗೇತಿ."

"ಪಾಚಿ?"

ನೋಡಿದೆ. ಗೋಡೆ, ನೆಲ, ಹೊಸ್ತಿಲು—ಎಲ್ಲ ಹಸಿರು. ಬಸವಣ್ಣ ಮಾತ್ರ ಕಡುಗಪ್ಪು. ಅವನ ಬೆನ್ನ ಮೇಲೆ ಮಳೆಹನಿ ನಿಲ್ಲದೆ ಉರುಳಿ ಹೋಗುತ್ತಿತ್ತು.

ಅಕ್ಕ ಮತ್ತೆ ಈಶ್ವರನತ್ತ ತಿರುಗಿದಳು. ದನಿ ತಗ್ಗಿತ್ತು. "ಈ ಪೀಠ ಹೊಸದು. ಯಾವಾಗ ಕಟ್ಟಿದ್ರಿ?"

"ಕಾರಹುಣ್ಣಿಮಿ ಆದಮ್ಯಾಲರಿ. ಹಳೇದು ಬಿರಿದಿತ್ತು. ಅವ್ವನ್ನ ಸಾವುಕಾರ್ರ ಮನಿಗೆ ಒಯ್ದಿದ್ರು. ಪಂಚಮಿ ಮುಂದ ತಂದು ಕೂಡಿಸಿದ್ರು. ಪೀಠ ಕಟ್ಟೂ ಗೌಂಡಿನ್ನೂ ಅವರ ಕರಕೊಂಡು ಬಂದಿದ್ರು, ಹೊರಗಿನಾಂವ."

"ನೀ ಇದ್ದೇನು?"

"ಇಲ್ರಿ. 'ಶಾಂತಿ ಮಾಡಿ ಕೂಡಿಸೀವಿ, ದಸರಾದ ತನಕ ಮುಟ್ಟಬ್ಯಾಡ' ಅಂದ್ರು."

"ಬಾಯಾರ," ಬಾಬಾಸಾಹೇಬರ ದನಿ ಬಿಗಿಯಾಯಿತು, "ಕಳ್ಳನ್ನ ಬಿಟ್ಟು ದುರಸ್ತಿ ಮಾತು ಯಾಕ?"

"ಕೇಳಿಬಿಡ್ತೀನ್ರಿ. ಈ ದಾಸವಾಳ ಯಾರು ಇಟ್ರು?"

 

"ನಾವೆಲ್ಲಾ ಬರೂದ್ರೊಳಗ ಇತ್ರಿ," ಎಂದ ಈಶ್ವರ. "ಮೊದಲ ಬಂದವರು ಸಾವುಕಾರ್ರು..."

"ಹೌದು, ನಾನ ಇಟ್ಟೆ! ಅವ್ವನ ಪಾದಕ್ಕ ಹೂ ಇಟ್ರ ಅದೂ ತಪ್ಪೇನ?"

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಗ್ಗಿ ಹೂವಿಗೆ ಕೈಹಾಕಿದಳು.

"ಏ! ಪಾದದ ಹೂ ಎತ್ತಬ್ಯಾಡ್ರಿ!" ಇಡೀ ಗುಂಪು ಒಮ್ಮೆಲೇ ಮುಂದೆ ನುಗ್ಗಿತು. ಹವಾಲ್ದಾರ ಲಾಠಿ ಅಡ್ಡ ಹಿಡಿದ.

"ಈಶ್ವರಪ್ಪ," ಅಕ್ಕ ಕೈ ಹಿಂದೆಗೆದಳು, "ನೀ ಪೂಜಾರಿ. ನೀನ ಎತ್ತು. ಕುಂಕುಮ ಒರಸು."

ಈಶ್ವರ ಮಂಡಿಯೂರಿದ. ಹೂ ಎತ್ತಿದ. ಹೆಬ್ಬೆರಳಿನಿಂದ ಕುಂಕುಮ ಸರಿಸಿದ. ಸರಿಸಿದವನು ಹಾವು ಮುಟ್ಟಿದವನಂತೆ ಕೈ ಎಳೆದುಕೊಂಡ.

ಮುರಿದ ಜಾಗದ ನಟ್ಟನಡುವೆ ತುಕ್ಕು ಹಿಡಿದ ತಂತಿಯ ತುದಿ ನಿಂತಿತ್ತು. ಅದರ ಸುತ್ತ ಬೂದುಬಣ್ಣದ ಸಿಮೆಂಟು.

"ಅವ್ವನ ಕಾಲಾಗ... ತಂತಿ?"

"ಇದು ಅವ್ವ ಅಲ್ಲ," ಎಂದಳು ಅಕ್ಕ. "ನೀವು ಎಲ್ಲಾರೂ ಹಸರ ಸೀರಿ ನೋಡಿ ಕೈ ಮುಗದ್ರಿ. ತಲೆತಲಾಂತರದಿಂದ ಎಣ್ಣಿ ಕುಡದ ಕಲ್ಲಿಗೆ ಒಂದು ಮಳೆಗಾಲದಾಗ ಪಾಚಿ ಹತ್ತೂದಿಲ್ಲ; ಹನಿನೂ ನಿಲ್ಲೂದಿಲ್ಲ. ಬಸವಣ್ಣನ್ನ ನೋಡ್ರಿ. ಅದ ಎಣ್ಣಿ, ಅದ ಮಳಿ. ಅಂವಗ ಇಲ್ಲದ ಸೀರಿ ಆಕೀಗೆಲ್ಲಿಂದ ಬಂತು? ಅಂದ್ರ ನಿನ್ನೆ ನಾವು ನೋಡಿದಾಕಿ ಎಂದೂ ಎಣ್ಣಿ ಕಂಡಿಲ್ಲ. ಕಪ್ಪು ಬಣ್ಣ ಹಚ್ಚಿದ ಸಿಮೆಂಟಿನ ಗೊಂಬಿ."

ಬಾಬಾಸಾಹೇಬ ತಟ್ಟನೆ ಸಮಾಧಾನನತ್ತ ಬೆರಳು ಮಾಡಿದರು. "ಹಂಗಾದ್ರ ಇವನ ಬದಲಿ ಮಾಡ್ಯಾನ! ಮಳೆಗಾಲದಾಗ ಮ್ಯಾಲೆ ತಿರಗಾಂವ ಇವನೊಬ್ಬನ!"

"ಪಾದ ಮತ್ತ ಪೀಠದ ನಡುವ ಬೆರಳಾಡಿಸ್ರಿ ಸಾವುಕಾರ. ಸಂದ ಐತೇನು? ಎರಡೂ ಒಂದ ಸಿಮೆಂಟು, ಒಂದ ದಿನದ್ದು. ಪೀಠ ಕಟ್ಟಿಸಿದವರ ಗೊಂಬಿ ಕೂಡಿಸ್ಯಾರ. ದಸರಾದ ತನಕ ಯಾರೂ ಮುಟ್ಟೂದಿಲ್ಲ, ಅಷ್ಟ್ರಾಗ ಮಾಲು ಸಾಗಿಸೂಣು ಅಂತ ಲೆಕ್ಕಾ. ಫೋಟೋ ಆ ಲೆಕ್ಕಾ ಕೆಡಿಸ್ತು. ಸಾಹೇಬ್ರು ಬಂದು ಒಮ್ಮೆ ಬಡದು ನೋಡಿದ್ರ ಮುಗೀತಿತ್ತು. ಅದಕ್ಕ ಮುಂಜಾನೆ ಬಂದು ಒಡದ್ರಿ. ಪಾದ ಪೀಠಕ್ಕ ಕಚ್ಚಿತ್ತು, ಬರಲಿಲ್ಲ. ಮ್ಯಾಲೆ ಹೂ ಇಟ್ರಿ. ನಮ್ಮ ಮಂದಿ ದೇವ್ರ ಪಾದದ ಹೂ ಎತ್ತೂದಿಲ್ಲ ಅನ್ನೂದು ನಿಮಗ ಚಲೋ ಗೊತ್ತು."

"ಸುಳ್ಳು!" ಎಂದರು ಬಾಬಾಸಾಹೇಬ. ಆದರೆ ಆ ಕೂಗಿಗೆ ಬಲವಿರಲಿಲ್ಲ. "ಸಾಕ್ಷಿ? ಖರೇ ಮೂರ್ತಿ ಎಲ್ಲೈತಿ?"

"ದುರಸ್ತಿಗಂತ ಒಯ್ದದ್ದು ನಿಮ್ಮ ಮನಿಗೆ. ಅಲ್ಲೇ ಹೋಗಿ ಕೇಳೂಣು," ಎಂದಳು ಅಕ್ಕ. ನಾವೆಲ್ಲ ಕೆಳಗಿಳಿದೆವು. ಸಮಾಧಾನನ ರಟ್ಟೆಯನ್ನು ಇನ್ನೂ ಒಬ್ಬ ಹಿಡಿದೇ ಇದ್ದ. ಹಿಡಿದದ್ದು ಅವನನ್ನು ತಡೆಯಲೋ, ತಾನು ಜಾರದಿರಲೋ ಎಂಬುದು ಮಾತ್ರ ಈಗ ತಿಳಿಯುತ್ತಿರಲಿಲ್ಲ.

ಅಕ್ಕ ನೇರವಾಗಿ ಸಾವುಕಾರರ ಮನೆಯ ಕಟ್ಟೆ ಹತ್ತಿದಳು. ಅವರ ಹೆಂಡತಿ ಶಿವಗಂಗವ್ವ ಹೊರಗೆ ಬಂದರು. ಬೆಟ್ಟದ ಮೇಲಿನ ಸುದ್ದಿ ಅವರಿಗೂ ತಲುಪಿತ್ತು, ಆದರೆ ಮುಖದಲ್ಲಿ ದುಃಖಕ್ಕಿಂತ ಗೊಂದಲವೇ ಹೆಚ್ಚು.

"ಯಕ್ಕಾ," ಎಂದಳು ಅಕ್ಕುತಾಯಿ, "ಗಡದವ್ವನ ಕಾಲು ಮುರದಾರಂತ ಕೇಳಿದ್ರೇನು?"

"ಕೇಳಿದ್ನೆವ್ವಾ. ಮಂದಿಗೆ ಏನ ಆಗೇತಿ?" ಆಕೆ ಗಂಡನನ್ನೂ ನಮ್ಮನ್ನೂ ನೋಡಿದರು. "ಅವ್ವ ನಮ್ಮ ಕಾಳಿನ ಖೋಲಿಯೊಳಗ ಅದಾಳಲ್ಲ? ದಸರಾದ ತನಕ ಗುಟ್ಟಾಗಿ ಮನ್ಯಾಗ ಇಟ್ಕೊಳ್ಳೂದು ಹರಕಿ ಅಂದ್ರು ಇವ್ರು. ಈಗಷ್ಟ ಎಣ್ಣಿ ಹಚ್ಚಿ ಬಂದೆ. ಮತ್ತ ಮ್ಯಾಲೆ ಇದ್ದಾಕಿ ಯಾರು?"

ಬಾಬಾಸಾಹೇಬ ಟೋಪಿ ತೆಗೆದು ಕಟ್ಟೆಯ ಮೇಲೆ ಕುಸಿದರು. ಹವಾಲ್ದಾರ ಅವರ ಪಕ್ಕಕ್ಕೆ ಹೋಗಿ ನಿಂತ.

ಸಮಾಧಾನನ ರಟ್ಟೆ ಹಿಡಿದವನು ಕೈಬಿಟ್ಟ. ಒಬ್ಬೊಬ್ಬರೇ "ತಪ್ಪಾತೋ ತಮ್ಮಾ" ಅನ್ನತೊಡಗಿದರು.

"ತಪ್ಪಾತು ಅಂತ ನನಗ ಹೇಳಬ್ಯಾಡ್ರಿ," ಎಂದ ಸಮಾಧಾನ. "ಆಫೀಸಿಗೆ ಫೋನ್ ಮಾಡಿದವ್ರು ನನ್ನ ಕೂಡ ಬಂದು ಅಲ್ಲಿ ಹೇಳ್ರಿ. ಈಗ ಹನ್ನೊಂದರ ಬಸ್ ಐತಿ."

ಈಶ್ವರ ಪೂಜಾರಿ ಒದ್ದೆ ಧೋತರ ಹಿಂಡುತ್ತ ಗುಂಪಿನಿಂದ ಹೊರಗೆ ಬಂದ.

"ಫೋನ್ ಮಾಡಿದಾಂವ ನಾನ," ಎಂದ. "ನಡಿ."