ಜೋಲಿಪಟ್ಟಿಯ ಮೂರು ಸಾಲು

ತಂಗಿ ಬೀಗ ತೆಗೆದು ಅಣ್ಣನ ಮನೆಯೊಳಗೆ ಬಂದಾಗ, ಅವನು ಮಲಗುವ ಜೋಲಿ ನೆಲದ ಮೇಲಿತ್ತು. ಅದರೊಳಗೆ ಅಣ್ಣ. ಸೊಂಟದ ಮೂಳೆ ಮುರಿದಿತ್ತು.

ಜೋಲಿಯನ್ನು ತೊಲೆಗೆ ತೂಗುಹಾಕಲು ಅವಳೇ ಕೈಯಾರೆ ಹೊಲಿದು ಕೊಟ್ಟ ಪಟ್ಟಿ ಬಿಟ್ಟುಕೊಂಡಿತ್ತು. ಲಾರಿಗಳಿಗೆ, ದೋಣಿಗಳಿಗೆ ಸರಕು ಬಿಗಿಯುವ ಪಟ್ಟಿ ಹೊಲಿಯುವುದು ಅವಳ ಕಸುಬು. ಇಪ್ಪತ್ತು ವರ್ಷದಲ್ಲಿ ಗಿರಾಕಿಗಳಿಗೆ ಹಾಕಿದ ಒಂದು ಹೊಲಿಗೆಯೂ ಕೈಕೊಟ್ಟಿರಲಿಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ ಬಂದವಳು ಮತ್ತೆ ಸೂಜಿ ಮುಟ್ಟಲಿಲ್ಲ.

ಮೂರನೆಯ ದಿನ ಪಕ್ಕದ ಬೀದಿಯ ನಿವೃತ್ತ ಪೊಲೀಸ್ ದಫೇದಾರರನ್ನು ಕರೆತಂದಳು. ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಿನ್ನ ಹೊಲಿಗೆ ಬಿಚ್ಚಿಲ್ಲ ಕಣಮ್ಮ. ನಾಲ್ಕು ಸಾಲಲ್ಲಿ ಮೂರನ್ನ ಬ್ಲೇಡಲ್ಲಿ ಕುಯ್ದಿದಾರೆ. ಉಳಿದ ಒಂದು ಸಾಲು ಭಾರ ತಡೀಲಿಲ್ಲ."

"ಹಾಗಾದ್ರೆ ಕೆಳಗಿನ ಮನೆಯವನೇ! ಜೋಲಿ ಕಿರಗುಟ್ಟುತ್ತೆ ಅಂತ ದಿನಾ ಜಗಳ ತೆಗೀತಿದ್ದ."

ಮಾತು ಕೇಳಿಸಿ ಮೆಟ್ಟಿಲು ಹತ್ತಿ ಬಂದ ಕೆಳಗಿನ ಮನೆಯವನು ಸಿಡುಕಿದ. "ಬೈದಿದ್ದೀನಿ, ಇಲ್ಲ ಅನ್ನಲ್ಲ. ಬೀಗದ ಕೈ ಇರೋದು ನಿಮ್ಮಿಬ್ಬರ ಹತ್ರ. ನಾನೇನು ಹಲ್ಲಿ ಥರ ಗೋಡೆ ಹತ್ತಿ ಹೋಗ್ಲಾ? ನಿಮ್ಮನ್ನ ಬಿಟ್ರೆ ಆ ಮನೆಗೆ ಬರೋರಾದ್ರೂ ಯಾರಿದಾರೆ?"

ಅವನು ದಡದಡ ಇಳಿದು ಹೋದ.

"ಈ ಪಟ್ಟಿ ಹಿಂದೆ ಬಿಚ್ಚಿತ್ತಾ?" ದಫೇದಾರರು ಕೇಳಿದರು.

"ತಿಂಗಳಿಗೊಂದು ಸಲ, ಒಂದು ಸಾಲು. ಭಾನುವಾರ ಅಣ್ಣ ಫೋನ್ ಮಾಡ್ತಿದ್ದ. ಬಂದು ಹೊಲಿದು, ಟೀ ಕುಡಿದು ಹೋಗ್ತಿದ್ದೆ."

"ಬೇರೆಯವರ ಪಟ್ಟಿ?"

"ಒಂದೂ ಬಿಚ್ಚಿಲ್ಲ."

"ಈ ಸಲ?"

"ಮೂರು ಭಾನುವಾರ ಕರೆದ. ಕೈತುಂಬ ಕೆಲಸ— ಮುಂದಿನ ವಾರ ಅಂದೆ."

ದಫೇದಾರರು ಪಟ್ಟಿಯನ್ನು ಮತ್ತೆ ಬೆಳಕಿಗೆ ಹಿಡಿದರು.

"ದಾರಕ್ಕೆ ಮೇಣ ತಿಕ್ತೀಯಲ್ಲ, ಕುಯ್ದ ತುದಿಗೆ ಧೂಳು ಮೆತ್ತುತ್ತೆ. ಇಲ್ಲಿ ನೋಡು— ಒಂದು ಸಾಲಿನ ತುದಿ ಕಪ್ಪು. ಇನ್ನೊಂದು ಮಾಸಲು. ಮೂರನೇದು ಇನ್ನೂ ಹೊಳೀತಿದೆ. ಕೊಲ್ಲೋಕೆ ಬಂದವನು ಮೂರನ್ನೂ ಒಂದೇ ಸಲ ಕುಯ್ತಾನೆ. ಇವನು ವಾರಕ್ಕೊಂದು ಕುಯ್ದು, ಕಾದಿದಾನೆ."

"ಯಾರು?"

"ನಿಮ್ಮಣ್ಣ. ನಿನ್ನನ್ನ ಕರೆಸ್ಕೊಳ್ಳೋಕೆ ಅವನಿಗೆ ಬೇರೆ ನೆಪ ಇರ್ಲಿಲ್ಲ. ಒಂದು ಸಾಲು ಸಾಕಾಗುತ್ತೆ ಅಂದ್ಕೊಂಡು ಅದರಲ್ಲೇ ಮಲಗಿದ."

ಆಸ್ಪತ್ರೆಯಲ್ಲಿ ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ.

"ಹೊಲಿಗೆ ಸಡಿಲ ಇತ್ತು ಕಣೆ," ಎಂದ, ಅವಳನ್ನು ನೋಡದೆ.

ತಂಗಿ ಸ್ಟೂಲು ಎಳೆದುಕೊಂಡು ಕೂತಳು.

"ಹೌದಣ್ಣ. ತಪ್ಪು ನಂದೇ."