ಮೊದಲ ಉಂಡೆ

ಮಡಕೆಯಕ್ಕ ಕಿರುಚಿಕೊಂಡಾಗ ತಿಗರಿ ಇನ್ನೂ ತಿರುಗುತ್ತಿತ್ತು. ಅದರ ಮೇಲಿನ ಮಣ್ಣಿನ ಉಂಡೆ ಕೆಂಪಾಗಿತ್ತು.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಅಕ್ಕನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಇನ್ಸ್‌ಪೆಕ್ಟರಮ್ಮ ಉಂಡೆಯನ್ನು ಚಾಕುವಿನಿಂದ ಸೀಳಿದಳು. ಒಳಗೆಲ್ಲ ಹಸಿರು ಗಾಜಿನ ಚೂರು. ಪಕ್ಕದಲ್ಲಿದ್ದ ಉಳಿದ ಉಂಡೆಗಳಲ್ಲೂ ಅದೇ. ಕೊಲೆಗಳನ್ನು ಕಂಡವಳು ಅವಳು. ಆದರೆ ಕೈಯನ್ನೇ ನಂಬಿ ಬದುಕುವವಳ ಕೈಗೆ ಹೊಂಚು ಹಾಕುವ ಇಂಥ ನೀಚತನ ಕಂಡಿರಲಿಲ್ಲ.

ನಾಲ್ಕು ಚಾಪೆ, ಹತ್ತು ಮಡಕೆ ಹರವಿಕೊಂಡು ಶುರುವಾದ ಕರಕುಶಲ ಸಂತೆ ಅದು. ಈಗ ಬಸ್ಸುಗಟ್ಟಲೆ ಪ್ರವಾಸಿಗರು. ಎಲ್ಲಕ್ಕೂ ಕಾರಣ ಅಕ್ಕ ಪಟ್ಟು ಹಿಡಿದು ತಂದ ಒಂದು ನಿಯಮ: ಜನರ ಕಣ್ಣೆದುರು ಮಾಡಿದ್ದನ್ನೇ ಮಾರಬೇಕು, ಮಾಡಲಾಗದವರು ಮಳಿಗೆ ಬಿಡಬೇಕು. ಇನ್ನು ಅಕ್ಕನ ಮಳಿಗೆಯೇ ಹೋಗುವ ಹಾಗಿತ್ತು.

ಸಂತೆಯ ಅಧ್ಯಕ್ಷ ಕಣ್ಣೊರೆಸಿಕೊಳ್ಳುತ್ತಾ ಬಂದ. ಅಕ್ಕನ ಒಡಹುಟ್ಟಿದ ತಮ್ಮ.

"ಹಸಿರು ಗಾಜು ಇಲ್ಲಿ ಒಬ್ಬನ ಹತ್ರಾನೇ ಇರೋದು ಮೇಡಂ. ಪಕ್ಕದ ಮಳಿಗೇಲಿ ಗಾಜಿನ ಮಣಿ ಮಾಡೋ ಮಣಿಯಣ್ಣ. ಜಾಗದ ವಿಷ್ಯಕ್ಕೆ ಅಕ್ಕನ ಜೊತೆ ದಿನಾ ಕಿತ್ತಾಟ."

\* \* \*

ಮಣಿಯಣ್ಣ ಕುಲುಮೆಯ ಮುಂದೆ ಮುಖ ಕೆಡಿಸಿಕೊಂಡು ಕೂತಿದ್ದ.

"ಜಗಳ ಆಡಿದ್ದು ನಿಜ. ಆದ್ರೆ ಚೂರಿನ ಬುಟ್ಟಿ ಹೊರಗೇ ಇರುತ್ತೆ. ಯಾರು ಬೇಕಾದ್ರೂ ಕೈ ಹಾಕ್ಬಹುದು."

"ಮಣ್ಣಿಗೆ ಯಾವಾಗ ಬೆರೆಸಿರ್ಬಹುದು?"

"ತುಳಿದಾದ ಮೇಲೇ. ಅಕ್ಕ ಬರಿಗಾಲಲ್ಲಿ ತುಳೀತಾಳೆ, ಮೊದಲೇ ಇದ್ದಿದ್ರೆ ಕಾಲಿಗೆ ಚುಚ್ಚೋದು. ಉಂಡೆ ಮಾಡಿಟ್ಟು, ಒದ್ದೆ ಗೋಣಿ ಮುಚ್ಚಿ ತಿಂಡಿಗೆ ಹೋಗ್ತಾಳೆ. ಮೊದಲ ಉಂಡೆ ಮಾತ್ರ ತಾನು ಮುಟ್ಟಲ್ಲ. ಬಂದ ಪ್ರವಾಸಿಗರಿಗೆ ಕೊಟ್ಟು, ನೀವೇ ಮಾಡಿ ನೋಡಿ ಅಂತಾಳೆ."

"ಇವತ್ತು ಯಾರಿಗೆ ಕೊಟ್ಳು?"

"ಯಾರೂ ಬರ್ಲೇ ಇಲ್ವಲ್ಲ! ಬಸ್ಸಿಳಿದ ಕೂಡ್ಲೇ ಅಧ್ಯಕ್ಷರು ಎಲ್ಲರನ್ನೂ ಚಾಪೆ ಮಳಿಗೆ ಕಡೆ ಹೊರಡಿಸಿದ್ರು. ಕಾದೂ ಕಾದೂ ಅಕ್ಕನೇ ಕೂತ್ಳು."

ಇನ್ಸ್‌ಪೆಕ್ಟರಮ್ಮ ಎದ್ದಳು.

\* \* \*

ಅಧ್ಯಕ್ಷನ ಕೋಣೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಒಳಗೆ ಕಾರ್ಖಾನೆಯ ಹೂಜಿಗಳು, ಎಲ್ಲ ಒಂದೇ ಅಚ್ಚು. ಮೇಜಿನ ಖಾನೆಯಲ್ಲಿ ರಬ್ಬರ್ ಗ್ಲೌಸ್. ಅದರ ಬೆರಳಿಗೆ ಒಣಗಿದ ಮಣ್ಣು, ಮಣ್ಣಿನಲ್ಲಿ ಹಸಿರು ಚೂರು.

"ಗಾಜು ಬೆರೆಸಿದವನು ಪ್ರವಾಸಿಗರನ್ನ ಆ ಉಂಡೆಯಿಂದ ದೂರ ಇಡಲೇಬೇಕಿತ್ತು," ಎಂದಳು. "ದೂರ ಇಟ್ಟಿದ್ದು ನೀವು."

ಅಧ್ಯಕ್ಷ ಬೆವರಿದ. ಆಮೇಲೆ ರೇಗಿದ. "ಪ್ರವಾಸಿಗರ ಕೈ ಕುಯ್ದಿದ್ರೆ ಸಂತೆ ಹೆಸರೇ ಹಾಳಾಗೋದು ಮೇಡಂ!"

"ಅಕ್ಕನ ಕೈ ಕುಯ್ದಿದ್ದು?"

"ಅವಳಿರೋವರೆಗೆ ಈ ಮಾಲು ಒಳಗೆ ಬಿಡ್ತಿರ್ಲಿಲ್ಲ. ಮಳಿಗೆ ಖಾಲಿಯಾದ್ರೆ ನಾನೇ ನಡೆಸ್ತಿದ್ದೆ. ಅವಳನ್ನ ಕೂರಿಸಿ ಸಾಕ್ತಿದ್ದೆ."

ಅವನ ರಟ್ಟೆ ಹಿಡಿಯಲೂ ಇನ್ಸ್‌ಪೆಕ್ಟರಮ್ಮನಿಗೆ ಹೇಸಿಗೆಯಾಯಿತು. ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದಳು.

\* \* \*

ಬೆರಳು ಮಡಚಲು ಬರುತ್ತದೋ ಇಲ್ಲವೋ, ಹೊಲಿಗೆ ಬಿಚ್ಚಿದ ಮೇಲೆ ಹೇಳುತ್ತೇನೆ ಎಂದಿದ್ದರು ಡಾಕ್ಟರು. ತಮ್ಮನ ಕೃತ್ಯದ ಬಗ್ಗೆ ಇನ್ಸ್‌ಪೆಕ್ಟರಮ್ಮ ಹೇಳಿದ್ದನ್ನೆಲ್ಲ ಅಕ್ಕ ಕೇಳಿಸಿಕೊಂಡಳು.

"ಬೆರೆಸುವಾಗ ಅವನ ಕೈಗೆ ಚುಚ್ಚಲಿಲ್ವಾ?"

"ಇಲ್ಲಕ್ಕ. ಗ್ಲೌಸ್ ಹಾಕ್ಕೊಂಡಿದ್ದ."

ಅಕ್ಕ ಬ್ಯಾಂಡೇಜು ಸುತ್ತಿದ ಕೈಗಳನ್ನು ನೋಡಿಕೊಂಡಳು.

"ಹಾಗಾದ್ರೆ ಎಷ್ಟು ನೋಯುತ್ತೆ ಅಂತ ಅವನಿಗೆ ಗೊತ್ತಿತ್ತು."

ಗೋಡೆಯ ಕಡೆ ಹೊರಳಿದಳು. "ಅವನನ್ನ ಇಲ್ಲಿಗೆ ಮಾತ್ರ ಕರ್ಕೊಂಡು ಬರ್ಬೇಡಿ ಮೇಡಂ."